ಬಾರದೇ ಹೋದ ಮುಖ್ಯಸ್ಥ: ನೊಟಿಸಿಯೆರೊ ಯುನಿವಿಷನ್‌ನ 1986ರ ಪ್ರಕರಣ

ಒಂದು ಟಿವಿ ಸುದ್ದಿ ಕಾರ್ಯಕ್ರಮಕ್ಕೆ ಮಾಲೀಕರೇ ಹೊಸ ಮುಖ್ಯಸ್ಥನನ್ನು ನೇಮಿಸುತ್ತಾರೆ. ಬರುವವರು ಸಾಮಾನ್ಯರಲ್ಲ. ಆ ಭಾಷೆಯ ಟಿವಿ ಸುದ್ದಿಯಲ್ಲಿ ಅವರಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ. ಆದರೂ ಸುದ್ದಿಮನೆಯವರು ಅವರು ಬೇಡ ಅನ್ನುತ್ತಾರೆ. ಬೇಡ ಅಂದು ಸುಮ್ನೆ ಕೂರುವುದಿಲ್ಲ, ಕೆಲಸ ಬಿಟ್ಟು ಹೊರಡುತ್ತಾರೆ. ಕೊನೆಗೆ ಬರಬೇಕಿದ್ದವರು ಬರುವುದೇ ಇಲ್ಲ.

ಇದು ನಡೆದದ್ದು 1986ರ ಕೊನೆಯ ತಿಂಗಳುಗಳಲ್ಲಿ, ಅಮೆರಿಕದ ಮಯಾಮಿಯಲ್ಲಿ. ಕಾರ್ಯಕ್ರಮದ ಹೆಸರು ನೊಟಿಸಿಯೆರೊ ಯುನಿವಿಷನ್, ಅಂದರೆ ಯುನಿವಿಷನ್ ವಾರ್ತೆ. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ಮನೆಗಳಲ್ಲಿ ನಾಲ್ಕು ದಶಕಗಳಿಂದ ಸಂಜೆ ಹೊತ್ತು ನೋಡುತ್ತಾ ಬಂದಿರುವ ಅರ್ಧ ಗಂಟೆಯ ಸುದ್ದಿ ಇದು. ಆಗಿನ್ನೂ ಅದಕ್ಕೆ ಈ ಹೆಸರು ಬಂದಿರಲಿಲ್ಲ. ಅದನ್ನು ಪ್ರಸಾರ ಮಾಡುತ್ತಿದ್ದ ಸ್ಪ್ಯಾನಿಷ್ ಇಂಟರ್‌ನ್ಯಾಷನಲ್ ನೆಟ್‌ವರ್ಕನ್ನು ಎಲ್ಲರೂ ಚಿಕ್ಕದಾಗಿ ಸಿನ್ ಎನ್ನುತ್ತಿದ್ದರು. ಕಾರ್ಯಕ್ರಮದ ಹೆಸರೂ ನೊಟಿಸಿಯೆರೊ ಸಿನ್ ಎಂದೇ ಇತ್ತು.

ಈ ಕಾರ್ಯಕ್ರಮದ ಇತಿಹಾಸದಲ್ಲಿ ಹೇಳುವುದಕ್ಕೆ ಬೇಕಾದಷ್ಟಿದೆ. ಆದರೂ ನಾನು ಈ ಒಂದು ಪ್ರಸಂಗವನ್ನೇ ಹಿಡಿದಿದ್ದೇನೆ. ಸುದ್ದಿಮನೆಯ ಸ್ವಾತಂತ್ರ್ಯ ನಿಜಕ್ಕೂ ಯಾವುದರ ಮೇಲೆ ನಿಂತಿರುತ್ತದೆ ಅನ್ನುವುದು ಇದರಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಮೆಕ್ಸಿಕೊದಿಂದ ಬರುತ್ತಿದ್ದ ಟೇಪುಗಳು

ಅಮೆರಿಕದಲ್ಲಿ ಪೂರ್ತಿ ಸ್ಪ್ಯಾನಿಷ್‌ಗೇ ಮೀಸಲಾದ ಮೊದಲ ಟಿವಿ ಕೇಂದ್ರ ಶುರುವಾದದ್ದು 1955ರಲ್ಲಿ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ರೌಲ್ ಕೊರ್ಟೆಸ್ ಎಂಬ ರೇಡಿಯೊ ಉದ್ಯಮಿ ಅದನ್ನು ಕಟ್ಟಿದರು. 1961ರ ಹೊತ್ತಿಗೆ ಅದು ಮೆಕ್ಸಿಕೊದ ಟಿವಿ ದೊರೆ ಎಮಿಲಿಯೊ ಅಸ್ಕಾರಗಾ ವಿದೌರೆಟಾ ಮತ್ತು ಅವರ ಪಾಲುದಾರರ ಕೈ ಸೇರಿತು. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಕೆಮೆಕ್ಸ್, ಅಂದರೆ 34ನೇ ಚಾನೆಲ್, ಆರಂಭವಾಯಿತು. ಆಗಿನ ಹೆಚ್ಚಿನ ಟಿವಿ ಸೆಟ್ಟುಗಳಲ್ಲಿ 34ನೇ ಚಾನೆಲ್ ಬರುತ್ತಲೇ ಇರಲಿಲ್ಲ. ಅದಕ್ಕೆ ಬೇರೆ ಒಂದು ಡಬ್ಬಿ ಕೊಂಡು ಸೆಟ್ಟಿಗೆ ಜೋಡಿಸಬೇಕಿತ್ತು. ಹೊಲದಲ್ಲೋ ಕಾರ್ಖಾನೆಯಲ್ಲೋ ದುಡಿದು ಬಂದ ಜನ ದುಡ್ಡು ಕೊಟ್ಟು ಆ ಡಬ್ಬಿ ತಂದರು. ತಮ್ಮ ಭಾಷೆ ಟಿವಿಯಲ್ಲಿ ಕೇಳಬೇಕೆಂಬ ಆಸೆ ಅಷ್ಟಿತ್ತು.

ಹೊಸ ನೆಟ್‌ವರ್ಕ್ ತೋರಿಸುತ್ತಿದ್ದ ಸರಕಿನಲ್ಲಿ ಜಾಸ್ತಿ ಪಾಲು ಮೆಕ್ಸಿಕೊದ್ದೇ. ಧಾರಾವಾಹಿ, ಹಾಡು, ಹಾಸ್ಯ ಎಲ್ಲ ಟೇಪಿನಲ್ಲಿ ಬರುತ್ತಿತ್ತು. ಒಂದು ಊರಿನಲ್ಲಿ ಪ್ರಸಾರವಾದ ಟೇಪು ಮುಂದಿನ ಊರಿಗೆ, ಅಲ್ಲಿಂದ ಇನ್ನೊಂದಕ್ಕೆ ಹೋಗುತ್ತಿತ್ತು. 1976ರಲ್ಲಿ ಉಪಗ್ರಹ ಸಂಪರ್ಕ ಬಂದ ಮೇಲೆ ಈ ಓಡಾಟ ತಪ್ಪಿತು. ಸುದ್ದಿಯೂ ಮೆಕ್ಸಿಕೊದಿಂದಲೇ ಬರತೊಡಗಿತು. ಆ ಸುದ್ದಿಯೇ '24 ಓರಾಸ್', ಅದರ ನಿರೂಪಕ ಹಕೋಬೊ ಸಬ್ಲುದೋವ್ಸ್ಕಿ.

ಆದರೆ ಸ್ಥಳೀಯ ಸುದ್ದಿ ಬೇರೆ ದಾರಿಯಲ್ಲಿ ಬೆಳೆಯುತ್ತಿತ್ತು. ಕೆಮೆಕ್ಸ್‌ನ ಸುದ್ದಿ ಮುಖ್ಯಸ್ಥರಾಗಿದ್ದ ರುಬೆನ್ ಸಲಾಜಾರ್ ಲಾಸ್ ಏಂಜಲೀಸ್ ಪೊಲೀಸರ ದೌರ್ಜನ್ಯದ ಬಗ್ಗೆ ಬಿಡದೆ ವರದಿ ಮಾಡುತ್ತಿದ್ದರು. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಮೆಕ್ಸಿಕನ್ ಅಮೆರಿಕನ್ನರು ದೊಡ್ಡ ಮೆರವಣಿಗೆ ಮಾಡಿದರು. ಅದನ್ನು ವರದಿ ಮಾಡಲು ಹೋದ ಸಲಾಜಾರ್ ದಣಿವಾರಿಸಿಕೊಳ್ಳಲು ಸಿಲ್ವರ್ ಡಾಲರ್ ಎಂಬ ಬಾರ್‌ನಲ್ಲಿ ಕೂತಿದ್ದರು. ಷರೀಫನ ಕಡೆಯ ಅಧಿಕಾರಿಯೊಬ್ಬ ಒಳಗೆ ಹಾರಿಸಿದ ಅಶ್ರುವಾಯು ಶೆಲ್ ತಲೆಗೆ ಬಡಿದು ಅಲ್ಲೇ ಸತ್ತರು. ಸ್ಪ್ಯಾನಿಷ್ ಟಿವಿ ಸುದ್ದಿಯೆಂದರೆ ಬರೀ ತಾಯ್ನಾಡಿನ ಸಮಾಚಾರ ಅಲ್ಲ, ಇಲ್ಲಿ ನಮ್ಮ ಬೀದಿಯಲ್ಲಿ ನಡೆಯುವುದು ಕೂಡ ಎಂಬ ತಿಳಿವಳಿಕೆ ಇಂಥವರ ಕೆಲಸದಿಂದ ಬಂತು.

1981ರಲ್ಲಿ ಸಿನ್ ತನ್ನದೇ ರಾಷ್ಟ್ರೀಯ ಸುದ್ದಿ ಶುರು ಮಾಡಿತು. ಮೊದಲು ವಾಷಿಂಗ್ಟನ್‌ನಿಂದ, ಆಮೇಲೆ ಮಯಾಮಿಯಿಂದ. ಅದನ್ನು ನಡೆಸಿದವರು ಕ್ಯೂಬಾ ಮೂಲದ ಗುಸ್ತಾವೊ ಗೊಡೊಯ್. ಎಲ್ ಸಾಲ್ವಡಾರ್, ನಿಕರಾಗುವಾಗಳಲ್ಲಿ ಯುದ್ಧ ನಡೆಯುತ್ತಿದ್ದ ಕಾಲ ಅದು. ಇಂಗ್ಲಿಷ್ ಚಾನೆಲ್‌ಗಳು ವಾಷಿಂಗ್ಟನ್‌ನ ಕಣ್ಣಿನಿಂದ ನೋಡುತ್ತಿದ್ದ ಯುದ್ಧವನ್ನು ಇವರು ಅಲ್ಲಿಂದ ಓಡಿ ಬಂದವರ ಮನೆಗಳಿಗೆ, ಅವರದೇ ಭಾಷೆಯಲ್ಲಿ ತಲುಪಿಸುತ್ತಿದ್ದರು. ಐದೇ ವರ್ಷದಲ್ಲಿ ಆ ಸುದ್ದಿಮನೆಗೆ ತನ್ನದೇ ಒಂದು ನಡೆ ಬಂದಿತ್ತು.

ಸಬ್ಲುದೋವ್ಸ್ಕಿ ಯಾರು

ಈ ಕಥೆಯನ್ನು ಹೇಳುವವರು ಹಲವು ಸಲ ಸಬ್ಲುದೋವ್ಸ್ಕಿಯವರನ್ನು ಬರೀ ಸರ್ಕಾರದ ತುತ್ತೂರಿ ಎಂದು ತೋರಿಸಿ ಮುಂದೆ ಹೋಗುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಅವರು ಪೋಲೆಂಡಿನಿಂದ ಬಂದ ಯಹೂದಿ ಕುಟುಂಬದ ಮಗ, 1928ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಹುಟ್ಟಿದವರು. '24 ಓರಾಸ್' ಶುರುವಾದದ್ದು 1970ರ ಸೆಪ್ಟೆಂಬರ್‌ನಲ್ಲಿ. ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಪಕ್ಕದಲ್ಲಿ ಟೆಲಿಫೋನ್ ಇಟ್ಟುಕೊಂಡು ಕೂರುತ್ತಿದ್ದ ಅವರ ರೂಪ ಮೆಕ್ಸಿಕೊದಲ್ಲಿ ಮಕ್ಕಳಿಗೂ ಗೊತ್ತಿತ್ತು.

1985ರ ಸೆಪ್ಟೆಂಬರ್ 19ರ ಬೆಳಿಗ್ಗೆ ಮೆಕ್ಸಿಕೊ ಸಿಟಿಯಲ್ಲಿ ಭೂಕಂಪವಾಯಿತು. '24 ಓರಾಸ್' ಪ್ರಸಾರ ಮಾಡುತ್ತಿದ್ದ, ಅಸ್ಕಾರಗಾ ಕುಟುಂಬದ ಟೆಲೆವಿಸಾ ಕಂಪನಿಯ ಕಟ್ಟಡಗಳೂ ಕುಸಿದವು, ಪ್ರಸಾರ ನಿಂತಿತು. ಸಬ್ಲುದೋವ್ಸ್ಕಿ ತಮ್ಮ ಕಾರಿನಲ್ಲಿದ್ದ ಫೋನಿನಿಂದ ರೇಡಿಯೊಗೆ ವರದಿ ಕೊಡತೊಡಗಿದರು. ಕಾರು ನಿಧಾನವಾಗಿ ಹೋಗುತ್ತಿದೆ. ಇವರು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದಾರೆ: ಈ ರಸ್ತೆಯಲ್ಲಿ ಈ ಕಟ್ಟಡ ಬಿದ್ದಿದೆ, ಆ ಹೋಟೆಲ್ ಹೀಗಾಗಿದೆ. ತಮ್ಮ ಸಂಸ್ಥೆಯ ಕಟ್ಟಡದ ಮುಂದೆ ಬಂದಾಗ ದನಿ ತುಂಬಿ ಬರುತ್ತದೆ. ಮಾತು ಮಾತ್ರ ನಿಲ್ಲುವುದಿಲ್ಲ. ನೇರ ವರದಿ ಎಂದರೆ ಹೇಗಿರಬೇಕು ಎಂದು ಕಲಿಯುವವರು ಇವತ್ತಿಗೂ ಅದನ್ನು ಕೇಳಬೇಕು.

ಹಾಗಿದ್ದರೆ ತೊಂದರೆ ಏನಿತ್ತು? ಅವರು ಕೂರುತ್ತಿದ್ದ ಕುರ್ಚಿಯೇ ತೊಂದರೆ. ಪಿಆರ್‌ಐ ಪಕ್ಷ 1929ರಿಂದ ಮೆಕ್ಸಿಕೊವನ್ನು ಆಳುತ್ತಿತ್ತು. ಟೆಲೆವಿಸಾಗೆ ಟಿವಿಯಲ್ಲಿ ಹೇಳಿಕೊಳ್ಳುವಂಥ ಎದುರಾಳಿಯೇ ಇರಲಿಲ್ಲ. ಅದರ ಆಗಿನ ಧಣಿ ವಿದೌರೆಟಾ ಅವರ ಮಗ ಎಮಿಲಿಯೊ ಅಸ್ಕಾರಗಾ ಮಿಲ್ಮೊ, ಜನರ ಬಾಯಲ್ಲಿ 'ಎಲ್ ಟಿಗ್ರೆ', ಅಂದರೆ ಹುಲಿ. ತಾವು ಪಿಆರ್‌ಐನ ಸೈನಿಕರು ಎಂದು ಅವರು ಬಹಿರಂಗವಾಗಿಯೇ ಹೇಳಿಕೊಂಡವರು. '24 ಓರಾಸ್'ನಲ್ಲಿ ಅಧ್ಯಕ್ಷರ ದಿನಚರಿಗೆ ಹೇರಳ ಜಾಗ ಸಿಗುತ್ತಿತ್ತು, ವಿರೋಧ ಪಕ್ಷಗಳಿಗೆ ಇಷ್ಟೇ ಇಷ್ಟು. ನಿರೂಪಕರ ಪ್ರತಿಭೆ ಎಷ್ಟೇ ಇರಲಿ, ಸುದ್ದಿಗೆ ಅಲ್ಲೊಂದು ಬೇಲಿ ಇತ್ತು.

ಆ ಬೇಲಿ ಎದ್ದು ಕಂಡದ್ದು 1986ರ ಜುಲೈನಲ್ಲಿ. ಅಮೆರಿಕದ ಗಡಿಗೆ ಅಂಟಿಕೊಂಡ ಚಿವಾವಾ ರಾಜ್ಯದಲ್ಲಿ ಗವರ್ನರ್ ಚುನಾವಣೆ ನಡೆಯಿತು. ಪಿಆರ್‌ಐನ ಫೆರ್ನಾಂದೊ ಬಯೆಸಾ ಗೆದ್ದರೆಂದು ಘೋಷಣೆಯಾಯಿತು. ವಿರೋಧ ಪಕ್ಷವಾದ ಪಾನ್‌ನ ಅಭ್ಯರ್ಥಿ ಫ್ರಾನ್ಸಿಸ್ಕೊ ಬಾರಿಯೊ ಕಡೆಯವರು ಮತ ಕದ್ದಿದ್ದಾರೆಂದು ಬೀದಿಗಿಳಿದರು. ಹುವಾರೆಸ್ ಮತ್ತು ಎಲ್ ಪಾಸೊ ನಡುವಿನ ಸೇತುವೆಗಳನ್ನು ತಡೆದರು. ಚಿವಾವಾ ನಗರದ ಮೇಯರ್ ಲೂಯಿಸ್ ಆಲ್ವಾರೆಸ್ ಉಪವಾಸ ಕೂತರು. ಅನ್ಯಾಯ ಖಂಡಿಸಿ ಚರ್ಚುಗಳಲ್ಲಿ ಭಾನುವಾರದ ಪೂಜೆಯನ್ನೇ ನಿಲ್ಲಿಸುತ್ತೇವೆ ಎಂದು ಬಿಷಪ್‌ಗಳು ಹೊರಟಾಗ ವ್ಯಾಟಿಕನ್ ತಡೆಯಬೇಕಾಯಿತು. ಟೆಲೆವಿಸಾದ ಸುದ್ದಿ ಸರ್ಕಾರದ ಕಡೆಯ ಮಾತಿಗೇ ಅಂಟಿಕೊಂಡಿತ್ತು. ಮಯಾಮಿಯ ಗೊಡೊಯ್ ತಂಡದವರು ಅಕ್ರಮದ ದೂರುಗಳನ್ನೂ ಹೇಳಿದರು. ಒಂದೇ ಧಣಿಯ ಎರಡು ಸುದ್ದಿಮನೆಗಳು ಒಂದೇ ಚುನಾವಣೆಯನ್ನು ಎರಡು ರೀತಿಯಲ್ಲಿ ತೋರಿಸಿದವು.

ಕಾನೂನು ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟಲಿಲ್ಲ

ಈ ಪ್ರಕರಣದಲ್ಲಿ ಹಲವರು ಬೇಗ ದಾಟಿ ಹೋಗುವ ಭಾಗ ಇದು. ನನಗೆ ಮುಖ್ಯ ಅನ್ನಿಸುವುದೂ ಇದೇ.

ಅಮೆರಿಕದ ಸಂವಹನ ಕಾನೂನಿನ ಪ್ರಕಾರ ಪ್ರಸಾರ ಕೇಂದ್ರದ ಲೈಸೆನ್ಸ್ ಇರುವ ಕಂಪನಿಯಲ್ಲಿ ವಿದೇಶಿಯರ ನೇರ ಪಾಲು ಶೇ. 20 ಮೀರಬಾರದು. ಸ್ಯಾನ್ ಆಂಟೋನಿಯೊ, ಲಾಸ್ ಏಂಜಲೀಸ್, ಮಯಾಮಿ, ನ್ಯೂಯಾರ್ಕ್ ಕಡೆಯ ಕೇಂದ್ರಗಳು ಕಾಗದದ ಮೇಲೆ ಈ ಮಿತಿಯೊಳಗೇ ಇದ್ದವು. ನಡೆಸುತ್ತಿದ್ದವರು ರೆನೆ ಅನ್ಸೆಲ್ಮೊ, ಅಮೆರಿಕದ ಪ್ರಜೆ, ಅಸ್ಕಾರಗಾ ಕುಟುಂಬದ ಬಹುಕಾಲದ ಪಾಲುದಾರ. ಬಾಗಿಲ ಮೇಲಿನ ಹೆಸರು ಇವರದು, ಒಳಗಿನ ಸರಕು ಅವರದು ಎಂದು ಎದುರಾಳಿಗಳು ದೂರು ಕೊಟ್ಟರು. ವಿಚಾರಣೆ ವರ್ಷಗಟ್ಟಲೆ ನಡೆಯಿತು. 1986ರ ಜನವರಿಯಲ್ಲಿ ಫೆಡರಲ್ ಸಂವಹನ ಆಯೋಗದ ನ್ಯಾಯಾಧೀಶರು ಲೈಸೆನ್ಸ್ ನವೀಕರಿಸಬಾರದು ಎಂದು ತೀರ್ಪು ಕೊಟ್ಟರು. ಕೇಂದ್ರಗಳ ಮೇಲೆ ನಿಜವಾದ ಹಿಡಿತ ವಿದೇಶಿಯರದು ಎನ್ನುವುದು ಅವರ ಕಾರಣ. ಬೇರೆ ದಾರಿಯಿಲ್ಲದೆ ಕೇಂದ್ರಗಳನ್ನು ಮಾರಾಟಕ್ಕಿಟ್ಟರು. ಶುಭಾಶಯ ಪತ್ರಗಳಿಗೆ ಹೆಸರಾದ ಹಾಲ್‌ಮಾರ್ಕ್ ಕಂಪನಿ ಪಾಲುದಾರರ ಜೊತೆ ಸೇರಿ 30 ಕೋಟಿ ಡಾಲರಿಗೆ ಸ್ವಲ್ಪ ಹೆಚ್ಚೇ ಕೊಟ್ಟು ಕೊಳ್ಳಲು ಮುಂದೆ ಬಂತು.

ಗಮನಿಸಬೇಕಾದದ್ದು ಇಲ್ಲಿದೆ. ಲೈಸೆನ್ಸ್ ಬೇಕಾಗುವುದು ಕೇಂದ್ರಕ್ಕೆ. ಕೇಂದ್ರಗಳಿಗೆ ಕಾರ್ಯಕ್ರಮ ಕೊಡುವ ನೆಟ್‌ವರ್ಕಿಗೆ ಲೈಸೆನ್ಸೇ ಬೇಡ. ಹಾಗಾಗಿ ಆ ಶೇ. 20ರ ಮಿತಿ ಸಿನ್‌ಗೆ ತಾಗಲಿಲ್ಲ. ಅದರ ಬಹುಪಾಲು ಟೆಲೆವಿಸಾ ಕೈಯಲ್ಲೇ ಉಳಿಯಿತು. ರಾತ್ರಿ ಸುದ್ದಿ ತಯಾರಾಗುತ್ತಿದ್ದದ್ದು ನೆಟ್‌ವರ್ಕಿನಲ್ಲಿ, ಅಲ್ವಾ? ಕೇಂದ್ರಗಳು ಕೈತಪ್ಪುತ್ತಿದ್ದ ಹೊತ್ತಿನಲ್ಲೇ ಟೆಲೆವಿಸಾ ಸುದ್ದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಲು ಹೊರಟಿತು. ಇಡೀ ಸ್ಪ್ಯಾನಿಷ್ ಜಗತ್ತಿಗೆ ಸುದ್ದಿ ಕೊಡುವ 'ಎಕೊ' ಎಂಬ ಹೊಸ ವ್ಯವಸ್ಥೆಯ ಯೋಜನೆ ಅವರಲ್ಲಿತ್ತು. ಅದಕ್ಕೆ ತಕ್ಕ ಹಾಗೆ ಸಿನ್‌ನ ಸುದ್ದಿಗೆ ಸಬ್ಲುದೋವ್ಸ್ಕಿ ಮುಖ್ಯಸ್ಥರಾಗಿ ಬರುತ್ತಾರೆ ಎಂದು ಘೋಷಿಸಿದರು. ಕೇಂದ್ರಗಳು ಹೋದರೂ ಮಾತು ನಮ್ಮದೇ ಇರಲಿ ಎಂಬ ಲೆಕ್ಕಾಚಾರ ಇದು ಎಂದು ನಾನು ಓದಿಕೊಳ್ಳುತ್ತೇನೆ.

ಹೊರಟವರು, ಉಳಿದವರು

ಮಯಾಮಿಯಲ್ಲಿ ಗೊಡೊಯ್ ರಾಜೀನಾಮೆ ಕೊಟ್ಟರು. ಅವರ ಹಿಂದೆ ವರದಿಗಾರರು, ನಿರ್ಮಾಪಕರು, ತಂತ್ರಜ್ಞರು ಗುಂಪಾಗಿ ಹೊರಟರು. ಮೆಕ್ಸಿಕೊ ಸರ್ಕಾರದ ಮಾತನ್ನೇ ಸುದ್ದಿ ಎಂದು ಓದುವ ಕಾಲ ಬರುತ್ತದೆ ಎಂಬುದು ಅವರ ಭಯ.

ಆದರೆ ಜಗಳದ ಬಣ್ಣ ಒಂದೇ ಆಗಿರಲಿಲ್ಲ. ಹೊರಟವರಲ್ಲಿ ಕ್ಯೂಬಾ ಮೂಲದವರು ಜಾಸ್ತಿ. ಕಾಸ್ಟ್ರೊ ಸರ್ಕಾರದ ಜೊತೆ ಮೆಕ್ಸಿಕೊ ಸಂಬಂಧ ಕಡಿದುಕೊಂಡಿರಲಿಲ್ಲ, ಅದರ ಸಿಟ್ಟೂ ಮಯಾಮಿಯಲ್ಲಿತ್ತು. ಇನ್ನೊಂದು ಕಡೆ, ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವವರಲ್ಲಿ ಅತಿ ಹೆಚ್ಚಿನವರು ಮೆಕ್ಸಿಕನ್ ಮೂಲದವರು. ರಾಷ್ಟ್ರೀಯ ಸುದ್ದಿ ಮಾತ್ರ ಕ್ಯೂಬನ್ನರ ಊರಿನಿಂದ ಬರುತ್ತದೆ, ಲಾಸ್ ಏಂಜಲೀಸ್‌ನ ನಮ್ಮ ಕಷ್ಟ ಅವರಿಗೇನು ಗೊತ್ತು ಎಂಬ ಗೊಣಗಾಟ ಮೊದಲಿನಿಂದಲೂ ಇತ್ತು. ಈ ದೂರಿನಲ್ಲಿ ಹುರುಳಿತ್ತು. ಅದನ್ನು ಮರೆತು ಮಯಾಮಿಯವರನ್ನು ಬರೀ ವೀರರೆಂದು ಹೊಗಳಿದರೆ ಕಥೆ ಅರ್ಧವಾಗುತ್ತದೆ. ಆದರೂ ಮೂಲ ಪ್ರಶ್ನೆಯಲ್ಲಿ ಅವರೇ ಸರಿ ಎನ್ನುತ್ತೇನೆ. ಚಿವಾವಾದಲ್ಲಿ ಏನಾಯಿತು ಎಂದು ತಿಳಿಯುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಇದ್ದದ್ದು ಮೆಕ್ಸಿಕನ್ ಮೂಲದ ಆ ವೀಕ್ಷಕರಿಗೇ.

ಸುದ್ದಿಮನೆ ಬರಿದಾಗುತ್ತಿದ್ದ ಆ ದಿನಗಳಲ್ಲಿ ಸುದ್ದಿಗೇನೂ ಬರವಿರಲಿಲ್ಲ. ಅಕ್ಟೋಬರ್ 5ರಂದು ನಿಕರಾಗುವಾದಲ್ಲಿ ಬಂಡುಕೋರರಿಗೆ ಶಸ್ತ್ರ ಒಯ್ಯುತ್ತಿದ್ದ ಅಮೆರಿಕನ್ನರ ವಿಮಾನವನ್ನು ಹೊಡೆದುರುಳಿಸಿದ್ದರು. 10ರಂದು ಸ್ಯಾನ್ ಸಾಲ್ವಡಾರ್‌ನಲ್ಲಿ ಭೂಕಂಪ. ನವೆಂಬರ್ 6ರಂದು ಅಧ್ಯಕ್ಷ ರೇಗನ್ ವಲಸೆ ಸುಧಾರಣಾ ಕಾನೂನಿಗೆ ಸಹಿ ಹಾಕಿದರು. 1982ಕ್ಕೆ ಮೊದಲು ಬಂದು ದಾಖಲೆಯಿಲ್ಲದೆ ಬದುಕುತ್ತಿದ್ದವರು ಕಾನೂನುಬದ್ಧರಾಗಲು ಅರ್ಜಿ ಹಾಕಬಹುದಿತ್ತು. ಮುಂದೆ ಸುಮಾರು 27 ಲಕ್ಷ ಜನರಿಗೆ ಅದರಿಂದ ದಾರಿಯಾಯಿತು. ಯಾವ ಕಾಗದ ಬೇಕು, ಯಾವ ಕಚೇರಿಗೆ ಹೋಗಬೇಕು, ಹೋದರೆ ಹಿಡಿದು ಗಡಿಯಾಚೆ ಕಳಿಸುತ್ತಾರಾ? ಈ ಪ್ರಶ್ನೆಗಳಿಗೆ ಸ್ಪ್ಯಾನಿಷ್‌ನಲ್ಲಿ ನಂಬುವಂಥ ಉತ್ತರ ಬೇಕಿತ್ತು. ಸುದ್ದಿ ನಿಂತರೆ ನಷ್ಟ ಯಾರಿಗೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ವಾರ ಇನ್ನೊಂದು ಸಿಗುವುದು ಕಷ್ಟ.

ಆ ಸಹಿಗೆ ಮೂರು ದಿನ ಮೊದಲು, ನವೆಂಬರ್ 3ರಂದು, ನಿರೂಪಕನ ಕುರ್ಚಿಯಲ್ಲಿ 28 ವರ್ಷದ ಹೊರ್ಹೆ ರಾಮೋಸ್ ಬಂದು ಕೂತರು. ಅವರ ಹಿನ್ನೆಲೆ ಕೇಳಬೇಕು. ರಾಮೋಸ್ ಮೊದಲು ಮೆಕ್ಸಿಕೊದಲ್ಲಿ ಟೆಲೆವಿಸಾಗೇ ಕೆಲಸ ಮಾಡುತ್ತಿದ್ದರು. ಅಧ್ಯಕ್ಷರ ಆಡಳಿತವನ್ನು ಟೀಕಿಸುವವರ ಮಾತುಗಳಿದ್ದ ಅವರ ವರದಿಯೊಂದನ್ನು ಮೇಲಿನವರು ತಿದ್ದಲು ಹೇಳಿದರು. ಇವರು ಒಪ್ಪದೆ ರಾಜೀನಾಮೆ ಕೊಟ್ಟರು. ತಮ್ಮ ಹಳೆಯ ಫೋಕ್ಸ್‌ವ್ಯಾಗನ್ ಕಾರು ಮಾರಿ, ಆ ದುಡ್ಡಿನಲ್ಲಿ 1983ರ ಜನವರಿಯಲ್ಲಿ ಲಾಸ್ ಏಂಜಲೀಸ್‌ಗೆ ಓದಲು ಬಂದರು. ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿದರು. ಮರುವರ್ಷ ಕೆಮೆಕ್ಸ್ ಸೇರಿದರು. ಟೆಲೆವಿಸಾದ ಕತ್ತರಿಗೆ ಒಗ್ಗದೆ ಬಂದವರಿಗೆ, ಟೆಲೆವಿಸಾದ ಅತಿ ದೊಡ್ಡ ಮುಖ ಬರಬೇಕಿದ್ದ ಮನೆಯಲ್ಲಿ ಜಾಗ ಸಿಕ್ಕಿತು.

ಸಬ್ಲುದೋವ್ಸ್ಕಿ ಬರಲಿಲ್ಲ. ಗದ್ದಲ ಜೋರಾದ ಮೇಲೆ ಟೆಲೆವಿಸಾ ಹಿಂದೆ ಸರಿಯಿತು. ಅವರು ಮೆಕ್ಸಿಕೊದಲ್ಲೇ ಉಳಿದರು, '24 ಓರಾಸ್' ನಡೆಸಿದರು. 'ಎಕೊ' ಕೂಡ 1988ರಲ್ಲಿ ಮೆಕ್ಸಿಕೊ ಸಿಟಿಯಿಂದಲೇ ಶುರುವಾಯಿತು. 1987ರಲ್ಲಿ ಸಿನ್‌ನ ಹೆಸರು ಯುನಿವಿಷನ್ ಎಂದಾಯಿತು. ಅದೇ ವರ್ಷ ಮರಿಯಾ ಎಲೆನಾ ಸಲಿನಾಸ್ ರಾಮೋಸ್ ಪಕ್ಕ ಬಂದು ಕೂತರು. ಈ ಜೋಡಿ ಮೂವತ್ತು ವರ್ಷ ಆ ಸುದ್ದಿಯ ಮುಖವಾಯಿತು. ನೆಟ್‌ವರ್ಕ್ ಕೂಡ ಹಾಲ್‌ಮಾರ್ಕ್ ಕೈ ಸೇರಿತು.

ಹೊರಟವರಿಗೆ ಏನಾಯಿತು? ಗೊಡೊಯ್ ಹೊಸ ಕಂಪನಿ ಕಟ್ಟಿ, ಆಗಷ್ಟೇ ಹುಟ್ಟುತ್ತಿದ್ದ ಟೆಲೆಮುಂಡೊ ನೆಟ್‌ವರ್ಕಿಗೆ 1987ರ ಜನವರಿಯಿಂದ ಸುದ್ದಿ ಮಾಡಿಕೊಟ್ಟರು. ಅದು ಜಾಸ್ತಿ ದಿನ ನಡೆಯಲಿಲ್ಲ. 1988ರಲ್ಲಿ ಟೆಲೆಮುಂಡೊ ಸಿಎನ್ಎನ್ ಜೊತೆ ಕೈಜೋಡಿಸಿತು. ಆದರೆ ಅಮೆರಿಕದ ಸ್ಪ್ಯಾನಿಷ್ ಟಿವಿಯಲ್ಲಿ ಎರಡನೇ ರಾಷ್ಟ್ರೀಯ ಸುದ್ದಿ ಶುರುವಾದದ್ದು ಈ ರಾಜೀನಾಮೆಗಳಿಂದಲೇ. ಅಂದಿನಿಂದ ಯುನಿವಿಷನ್ ಒಂದು ಸುದ್ದಿಯನ್ನು ಬಿಟ್ಟರೆ ಪಕ್ಕದವರು ಹೇಳುತ್ತಾರೆ ಎಂಬ ಭಯ ಉಳಿಯಿತು.

ತೂಗಿ ನೋಡಿದರೆ

ರಾಜೀನಾಮೆ ಕೊಟ್ಟವರ ಧೈರ್ಯಕ್ಕೆ ನನ್ನ ಪೂರ್ತಿ ಗೌರವವಿದೆ. ಆದರೆ ಧೈರ್ಯವೊಂದರಿಂದಲೇ ಅವರು ಗೆದ್ದರು ಅನ್ನಲಾರೆ. ಮೂರು ಸಂಗತಿ ಅವರ ಬೆನ್ನಿಗಿದ್ದವು. ಒಂದು, ವಿದೇಶಿ ಹಿಡಿತದ ವಿರುದ್ಧ ಆ ವರ್ಷವೇ ಬಂದ ತೀರ್ಪು. ಮಾರಾಟಕ್ಕೆ ಆಯೋಗದ ಒಪ್ಪಿಗೆ ಕಾಯುತ್ತಿದ್ದಾಗ, ಮೆಕ್ಸಿಕೊದಿಂದ ಸುದ್ದಿ ನಡೆಸುತ್ತಿದ್ದಾರೆ ಎಂಬ ಗಲಾಟೆ ಟೆಲೆವಿಸಾಗೆ ಬೇಡವಾಗಿತ್ತು. ಎರಡು, ಹೊರಗೆ ಬಂದರೆ ಕೈ ಹಿಡಿಯಲು ಟೆಲೆಮುಂಡೊ ಇತ್ತು. ಮೂರು, ವೀಕ್ಷಕರು ಮೆಕ್ಸಿಕೊದ ಮತದಾರರಾಗಿರಲಿಲ್ಲ. ಇಂಗ್ಲಿಷ್ ಚಾನೆಲ್ ಹಾಕಿದರೆ ಬೇರೆ ಬಗೆಯ ಸುದ್ದಿಯೂ ಕಾಣುತ್ತಿತ್ತು. ಮೆಕ್ಸಿಕೊ ಸಿಟಿಯ ಸುದ್ದಿಮನೆಯಲ್ಲಿ ಇದೇ ಧೈರ್ಯ ತೋರಿಸಿದವರಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ರಾಮೋಸ್ ಒಬ್ಬರೇ ಹೊರಟಾಗ ಟೆಲೆವಿಸಾ ಅಲುಗಾಡಲಿಲ್ಲ.

'24 ಓರಾಸ್' ಬದಲಾಗಲು ರಾಜಕೀಯವೇ ಬದಲಾಗಬೇಕಾಯಿತು. 1997ರ ಏಪ್ರಿಲ್‌ನಲ್ಲಿ ಅಸ್ಕಾರಗಾ ಮಿಲ್ಮೊ ತೀರಿಕೊಂಡರು, ಜುಲೈನಲ್ಲಿ ಪಿಆರ್‌ಐ ಸಂಸತ್ತಿನ ಕೆಳಮನೆಯಲ್ಲಿ ಬಹುಮತ ಕಳೆದುಕೊಂಡಿತು. 1998ರ ಜನವರಿಯಲ್ಲಿ ಸಬ್ಲುದೋವ್ಸ್ಕಿ 27 ವರ್ಷ ನಡೆಸಿದ ಆ ಸುದ್ದಿ ನಿಂತಿತು. ಕೆಲ ವರ್ಷಗಳ ಬಳಿಕ ಅವರು ರೇಡಿಯೊಗೆ ಮರಳಿ, 2015ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಬಿಡಲಿಲ್ಲ.

ಟೆಲೆವಿಸಾ ಮಾತ್ರ ಯುನಿವಿಷನ್ ಬಿಟ್ಟು ಹೋಗಲಿಲ್ಲ. 1992ರಲ್ಲಿ ಹಾಲ್‌ಮಾರ್ಕ್ ಮಾರಿದಾಗ ಅಮೆರಿಕದ ಉದ್ಯಮಿ ಜೆರ್ರಿ ಪೆರೆಂಚಿಯೊ ಜೊತೆ ಸಣ್ಣ ಪಾಲು ಕೊಂಡು ಮರಳಿತು. ವಿದೇಶಿ ಪಾಲಿನ ಮಿತಿಯನ್ನು ಆಯೋಗ ಮುಂದೆ ಈ ಕಂಪನಿಗೆ ಸಡಿಲಿಸಿತು. 2022ರ ಜನವರಿ 31ಕ್ಕೆ ಎರಡೂ ಸೇರಿ ಟೆಲೆವಿಸಾಯುನಿವಿಷನ್ ಎಂಬ ಒಂದೇ ಕಂಪನಿಯಾಯಿತು.

2023ರ ನವೆಂಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ಯುನಿವಿಷನ್‌ಗೆ ಸಂದರ್ಶನ ಕೊಟ್ಟರು. 2015ರಲ್ಲಿ ಇದೇ ಟ್ರಂಪ್ ಅಯೋವಾದ ಪತ್ರಿಕಾಗೋಷ್ಠಿಯಿಂದ ರಾಮೋಸ್‌ರನ್ನು ಹೊರಗೆ ಹಾಕಿಸಿದ್ದರು. ಈ ಸಲ ಪ್ರಶ್ನೆ ಕೇಳಿದವರು ಮಯಾಮಿಯ ಸುದ್ದಿ ತಂಡದವರಲ್ಲ. ಟೆಲೆವಿಸಾದ ಸುದ್ದಿ ವಿಭಾಗದ ಎನ್ರಿಕೆ ಅಸೆವೆದೊ ಮೆಕ್ಸಿಕೊದಿಂದ ಬಂದು ಕೇಳಿದರು. ಪ್ರಶ್ನೆಗಳು ಮೆತ್ತಗಿದ್ದವು, ತಪ್ಪು ಹೇಳಿಕೆಗಳನ್ನು ತಡೆಯಲಿಲ್ಲ ಎಂಬ ಟೀಕೆ ಬಂತು. ಬೈಡನ್ ಪರ ಜಾಹೀರಾತುಗಳನ್ನು ಕಾರ್ಯಕ್ರಮದ ಹೊತ್ತಿನಲ್ಲಿ ಕೈಬಿಟ್ಟದ್ದು ಇನ್ನಷ್ಟು ಸಿಟ್ಟು ತರಿಸಿತು. ಯುನಿವಿಷನ್‌ನ ನಿರೂಪಕ ಲಿಯೊನ್ ಕ್ರಾಸೆ ರಾಜೀನಾಮೆ ಕೊಟ್ಟು ಹೋದರು. ಟ್ರಂಪ್‌ರಂಥವರನ್ನು ಪ್ರಶ್ನಿಸದೆ ಬಿಡುವುದು ಅಪಾಯ ಎಂದು ರಾಮೋಸ್ ತಮ್ಮ ಅಂಕಣದಲ್ಲಿ ಬರೆದರು. 1986ರ ಹಾಗೆ ಸುದ್ದಿಮನೆ ಗುಂಪಾಗಿ ಎದ್ದು ಹೊರಡಲಿಲ್ಲ.

ರಾಮೋಸ್ 2024ರ ಡಿಸೆಂಬರ್ 13ರಂದು ಕೊನೆಯ ಸಲ ಸುದ್ದಿ ಓದಿದರು. ಅವರು ಆ ಕುರ್ಚಿಯಲ್ಲಿ ಕೂತು 38 ವರ್ಷ ಆಗಿತ್ತು. 1986ರಲ್ಲಿ ಮಯಾಮಿಯವರ ಬೆನ್ನಿಗಿದ್ದ ಮೂರರಲ್ಲಿ ಟೆಲೆಮುಂಡೊ ಈಗಲೂ ಇದೆ, ಅದರ ರಾತ್ರಿ ಸುದ್ದಿಯೂ ಇದೆ. ಆ ವೀಕ್ಷಕರೂ ಇದ್ದಾರೆ, ಸಂಖ್ಯೆಯಲ್ಲಿ ಆಗಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕಾನೂನಿನ ಆ ತಡೆಗೋಡೆ ಮಾತ್ರ ಈ ಕಂಪನಿಯ ಮಟ್ಟಿಗೆ ಉಳಿದಿಲ್ಲ. ಹಾಗಾಗಿ ಸುದ್ದಿಯ ಮುಖ್ಯಸ್ಥರನ್ನು ನೇಮಿಸುವ ಅಧಿಕಾರ ಕಂಪನಿಯೊಳಗೆ ಯಾರ ಕೈಯಲ್ಲಿದೆ, ಅವರ ನಿರ್ಧಾರ ಬೇಡ ಎನ್ನಲು ಸುದ್ದಿಮನೆಗೆ ಯಾವ ದಾರಿಯಿದೆ ಎಂಬುದನ್ನು ಈಗ 1986ಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿ ಕೇಳಬೇಕಿದೆ.